ಮುಧೋಳ ಸೀಮೆಯ ಒಂದು ಕೆನೆಲ್: ಮರಿಗಿಂತ ಕೀರ್ದಿ ಪುಸ್ತಕಕ್ಕೇ ಹೆಚ್ಚು ಬೆಲೆ

ಮುಧೋಳ ಪಟ್ಟಣದಿಂದ ತುಸು ದೂರದಲ್ಲಿ, ತೋಟದ ಮನೆಯೊಂದರ ಹಿತ್ತಲಿನಲ್ಲಿ ನಡೆಯುವ ಸಣ್ಣ ಕೆನೆಲ್‌ನಿಂದ ನಾನು ಮುಧೋಳ ತಳಿಯ ಒಂದು ಹೆಣ್ಣು ನಾಯಿಮರಿ ಕೊಂಡಿದ್ದೆ. ಅದು ಬೆಳೆದು ಬೆದೆಗೆ ಬಂದ ಮೇಲೆ ಕ್ರಾಸ್ ಮಾಡಿಸುವುದಕ್ಕೂ ಅಲ್ಲಿಗೇ ಹೋದೆ. ಈ ಎರಡು ಸೇವೆಗಳ ವಿಮರ್ಶೆ ಇದು. ಕೆನೆಲ್‌ನ ಹೆಸರನ್ನು ಬರೆಯುತ್ತಿಲ್ಲ. ಇರುವ ಮರಿಗಳಿಗಿಂತ ಬರುವ ಫೋನುಗಳೇ ಹೆಚ್ಚಾಗಿವೆ ಎಂದು ಯಜಮಾನರು ಕೇಳಿಕೊಂಡಿದ್ದರಿಂದ ಅದನ್ನು ಬಿಟ್ಟಿದ್ದೇನೆ. ನಾಯಿಯ ಅಂದಚಂದ, ಓಟದ ವೇಗ, ಕಿವಿಯ ಆಕಾರ ಇವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ನಾನು ಈ ಕೆನೆಲ್ಲನ್ನು ಅಳೆಯಲು ಹಿಡಿದಿರುವ ಅಳತೆಗೋಲು ಒಂದೇ: ಒಂದೇ ತಳಿಯೊಳಗೆ ತಲೆಮಾರುಗಟ್ಟಲೆ ಮರಿ ಮಾಡಿಸುವಾಗ ರಕ್ತಸಂಬಂಧ ಹತ್ತಿರವಾಗದಂತೆ, ಕಾಯಿಲೆಗಳು ಒಳಗೊಳಗೇ ಗಟ್ಟಿಯಾಗದಂತೆ ಇವರು ಏನು ಮಾಡುತ್ತಾರೆ ಎಂಬುದು.

ಈ ಪ್ರಶ್ನೆ ಮುಧೋಳ ನಾಯಿಯ ವಿಷಯದಲ್ಲಿ ಈಗ ತುರ್ತಿನದು. 2005ರಲ್ಲಿ ಅಂಚೆ ಇಲಾಖೆ ಭಾರತದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. 2016ರಲ್ಲಿ ಸೇನೆಯವರು ಇಲ್ಲಿಯ ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ದೇಸಿ ನಾಯಿಗಳನ್ನು ಸಾಕಿರೆಂದು ಹೇಳುತ್ತ ಮುಧೋಳದ ಹೆಸರೆತ್ತಿದರು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಬೇಡಿಕೆ ಒಮ್ಮೆಲೇ ಏರಿದಾಗ ತಳಿ ಬೆಳೆಸುವವರು ಮೊದಲು ಮಾಡುವ ಕೆಲಸವೆಂದರೆ ಕೈಯಲ್ಲಿರುವ ನಾಯಿಗಳಲ್ಲೇ ಕ್ರಾಸ್ ಮಾಡಿಸುವುದು; ಹೆಸರುವಾಸಿ ಗಂಡು ನಾಯಿ ಯಾವುದಿದೆಯೋ ಅದರ ಮುಂದೆ ಸಾಲು ಹಚ್ಚುವುದು. ಮರಿಗಳ ಸಂಖ್ಯೆ ಏರುತ್ತದೆ, ವಂಶಗಳ ಸಂಖ್ಯೆ ಇಳಿಯುತ್ತದೆ. ಈ ಇಳಿತ ಕಣ್ಣಿಗೆ ಕಾಣುವಂಥದ್ದಲ್ಲ.

ಕೆನೆಲ್‌ನ ಜಾಗದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ತಗಡಿನ ಚಪ್ಪರ, ಸಿಮೆಂಟಿನ ನೆಲ, ಓಡಾಡಲು ತಂತಿಬೇಲಿ ಹಾಕಿದ ಅರ್ಧ ಎಕರೆ. ಸ್ವಚ್ಛವಾಗಿದೆ, ವಾಸನೆ ಇಲ್ಲ, ನಾಯಿಗಳು ಅಪರಿಚಿತರನ್ನು ಕಂಡು ಮೂಲೆ ಹಿಡಿಯುವುದಿಲ್ಲ. ನೋಂದಣಿ ಪತ್ರವನ್ನು ಎದುರಿಗೇ ಗೋಡೆಗೆ ತೂಗುಹಾಕಿದ್ದಾರೆ. ಬೇಸಿಗೆಯಲ್ಲಿ ತಗಡು ಕಾಯುತ್ತದೆ, ಅದಕ್ಕೆ ಮೇಲೆ ಕಬ್ಬಿನ ರವದಿ ಹೊದಿಸುತ್ತಾರೆ. ಇಷ್ಟು ಸಾಕು.

ವಿಸ್ತಾರವಾಗಿ ಬರೆಯಬೇಕಾದುದು ಇವರ ಪುಸ್ತಕದ ಬಗ್ಗೆ. ಕಿರಾಣಿ ಅಂಗಡಿಗಳಲ್ಲಿ ಇರುತ್ತದಲ್ಲ, ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಕೀರ್ದಿ ಪುಸ್ತಕ, ಅದನ್ನೇ ಇವರು ವಂಶಾವಳಿಗೆ ಬಳಸುತ್ತಾರೆ. ಒಂದೊಂದು ಸೂಲಿಗೆ ಒಂದೊಂದು ಪುಟ. ಮೇಲೆ ತಾಯಿ, ತಂದೆ, ಅವೆರಡರ ತಂದೆತಾಯಿಗಳ ಹೆಸರು ಮತ್ತು ಹಿಂದಿನ ಪುಟದ ಸಂಖ್ಯೆ; ಕ್ರಾಸ್ ಆದ ದಿನ, ಮರಿ ಹಾಕಿದ ದಿನ; ಹುಟ್ಟಿದ ಮರಿಗಳೆಷ್ಟು, ಸತ್ತು ಹುಟ್ಟಿದವೆಷ್ಟು, ಮೊದಲ ವಾರದಲ್ಲಿ ಹೋದವೆಷ್ಟು; ಹೊಕ್ಕುಳ ಹರ್ನಿಯಾ, ಕೆಳಗಿಳಿಯದ ವೃಷಣ, ಮೇಲ್ದವಡೆಗೂ ಕೆಳದವಡೆಗೂ ಹೊಂದದ ಹಲ್ಲು ಇವುಗಳಿಗೆ ಬೇರೆ ಬೇರೆ ಅಂಕಣ; ಕೊನೆಗೆ ಯಾವ ಮರಿ ಯಾರ ಮನೆಗೆ ಹೋಯಿತು ಎಂಬುದು ಮೈಕ್ರೋಚಿಪ್‌ನ 15 ಅಂಕಿಗಳ ಸಂಖ್ಯೆಯ ಸಹಿತ. ನಾನು ತಿರುವಿದ ಒಂದು ಪುಟದಲ್ಲಿ ಏಳು ಮರಿಗಳಲ್ಲಿ ಎರಡು ಸತ್ತು ಹುಟ್ಟಿದ್ದವು, ಒಂದಕ್ಕೆ ಹರ್ನಿಯಾ ಇತ್ತು. ಅದರ ಕೆಳಗೆ ಕೆಂಪು ಶಾಯಿಯಲ್ಲಿ "ಈ ಜೋಡಿ ಮತ್ತ ಬ್ಯಾಡ" ಎಂದು ಬರೆದಿತ್ತು. ಮರಿ ಮಾರುವವನು ತನ್ನ ಮಾಲಿನ ದೋಷವನ್ನು ಗಿರಾಕಿಯ ಕಣ್ಣಿಗೆ ಬೀಳುವ ಹಾಗೆ ಬರೆದಿಡುವುದು ನಮ್ಮ ಭಾಗದಲ್ಲಿ ನಾನು ಕಂಡ ಮಟ್ಟಿಗೆ ಅಪರೂಪ.

ಆ ಪುಸ್ತಕ ಏನು ಕೆಲಸ ಮಾಡುತ್ತದೆ ಎಂಬುದು ಕ್ರಾಸ್ ಮಾಡಿಸುವ ಹೊತ್ತಿಗೆ ತಿಳಿಯಿತು. ನನ್ನ ನಾಯಿ ಗೌರಿಗೆ ಬೇರೆ ಊರಿನ ಮಾರಾಟಗಾರರೊಬ್ಬರ ಬಳಿಯಿದ್ದ ತುಫಾನ್ ಎಂಬ ಗಂಡು ನಾಯಿಯನ್ನು ನೋಡಿಟ್ಟಿದ್ದೆ. ಎತ್ತರ, ಎದೆಯ ಆಳ, ನಡಿಗೆ ಎಲ್ಲವೂ ಒಪ್ಪುವಂತಿದ್ದವು. ಓಟದಲ್ಲಿ ಬಹುಮಾನವನ್ನೂ ಗೆದ್ದಿತ್ತು. ಅವರು ಕೊಟ್ಟ ಪ್ರಮಾಣಪತ್ರದಲ್ಲಿ ತುಫಾನ್‌ನ ತಂದೆತಾಯಿಗಳ ಹೆಸರಿದ್ದವು, ಅಷ್ಟೇ. ಗೌರಿಯ ತಂದೆ ಸರ್ಜಾ, ತಾಯಿ ಬೇರೆ. ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೂ ಒಂದು ಹೆಸರೂ ಹೊಂದುತ್ತಿರಲಿಲ್ಲ. ಕೆನೆಲ್‌ನ ಯಜಮಾನರು ಆ ಕಾಗದವನ್ನು ನೋಡಿ, ಕೀರ್ದಿ ತೆಗೆದು, ಮಾರಿದ ಮರಿಗಳ ಅಂಕಣದಲ್ಲಿ ಬೆರಳಾಡಿಸುತ್ತ ಹೋದರು. ತುಫಾನ್‌ನ ತಂದೆ ಸರ್ಜಾನ ಮಗ, ಇವರ ಮನೆಯಿಂದಲೇ ಹೋದದ್ದು. ತಾಯಿಯೂ ಸರ್ಜಾನ ಮಗಳೇ, ಬೇರೆ ಸೂಲಿನದು. ಎರಡೂ ಬೇರೆ ಬೇರೆ ಊರಿಗೆ ಮಾರಾಟವಾಗಿ, ಅಲ್ಲಿಂದ ಕೈ ಬದಲಾಗಿ, ಒಂದೇ ಅಂಗಳಕ್ಕೆ ಬಂದು ಸೇರಿದ್ದವು.

ಲೆಕ್ಕ ಹಾಕುವ ಕ್ರಮ ಕಷ್ಟದ್ದಲ್ಲ. ಅಮೆರಿಕದ ತಳಿವಿಜ್ಞಾನಿ ಸ್ಯೂವಲ್ ರೈಟ್ 1922ರಲ್ಲಿ ಕೊಟ್ಟ ಇನ್‌ಬ್ರೀಡಿಂಗ್ ಗುಣಾಂಕದ (ತಂದೆತಾಯಿಗಳ ರಕ್ತಸಂಬಂಧ ಎಷ್ಟು ಹತ್ತಿರದ್ದೆಂದು ಮರಿಯ ಮಟ್ಟಿಗೆ ಹೇಳುವ ಅಳತೆ) ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ. ಮರಿಯ ತಂದೆಯಿಂದ ಸಮಾನ ಪೂರ್ವಜನಿಗೆ ಎಷ್ಟು ಮೆಟ್ಟಿಲು, ತಾಯಿಯಿಂದ ಎಷ್ಟು ಮೆಟ್ಟಿಲು ಎಂದು ಎಣಿಸಿ, ಎರಡನ್ನೂ ಕೂಡಿಸಿ, ಅದಕ್ಕೆ ಒಂದು ಸೇರಿಸಿ, ಅಷ್ಟು ಅರ್ಧಗಳನ್ನು ಒಂದಕ್ಕೊಂದು ಗುಣಿಸಬೇಕು. ಗೌರಿಯಿಂದ ಸರ್ಜಾಗೆ ಒಂದು ಮೆಟ್ಟಿಲು. ತುಫಾನ್‌ನಿಂದ ಅವನ ತಂದೆಯ ಮೂಲಕ ಎರಡು ಮೆಟ್ಟಿಲು. ಒಂದು ಸೇರಿಸಿದರೆ ಒಟ್ಟು ನಾಲ್ಕು, ಅಂದರೆ ಶೇ 6.25. ತಾಯಿಯ ಮೂಲಕವೂ ಅದೇ ದಾರಿ ಇನ್ನೊಮ್ಮೆ ಸಿಗುವುದರಿಂದ ಮತ್ತೆ ಶೇ 6.25. ಕೂಡಿಸಿದರೆ ಶೇ 12.5. ಒಂದೇ ತಂದೆಗೆ ಬೇರೆ ತಾಯಂದಿರಲ್ಲಿ ಹುಟ್ಟಿದ ಅಣ್ಣತಂಗಿಯರನ್ನು ಕೂಡಿಸಿದರೆ ಬರುವ ಅಂಕಿಯೂ ಇದೇ. ಒಡಹುಟ್ಟಿದವುಗಳನ್ನು ಅಥವಾ ತಂದೆ ಮಗಳನ್ನು ಕೂಡಿಸಿದರೆ ಶೇ 25. ಪ್ರಮಾಣಪತ್ರದಲ್ಲಿ ಒಂದು ಹೆಸರೂ ಹೊಂದದ ಜೋಡಿಯಲ್ಲಿ ಇಷ್ಟು ಹತ್ತಿರದ ಸಂಬಂಧ ಅಡಗಿತ್ತು. ತಂದೆತಾಯಿಗಳ ಹೆಸರಿಗೇ ನಿಲ್ಲುವ ಕಾಗದಕ್ಕೆ ನಾನು ಇನ್ನು ಮುಂದೆ ಬೆಲೆ ಕೊಡುವುದಿಲ್ಲ. ಕನಿಷ್ಠ ಮೂರು ತಲೆಮಾರು, ಸಾಧ್ಯವಾದರೆ ಐದು ತಲೆಮಾರು ಬೇಕು.

ಇದನ್ನೇ ಆ ಮಾರಾಟಗಾರರಿಗೆ ಫೋನಿನಲ್ಲಿ ಹೇಳಿದಾಗ ಬಂದ ಉತ್ತರ: "ಅಲ್ಲರೀ ಸರ, ನಾಯಿಗೆ ಎಲ್ಲಿ ಬಳಗ, ಎಲ್ಲಿ ಬೀಗತನರೀ?" ಮಗಳಿಗೆ ವರ ನೋಡುವಾಗ ಮೊದಲು ಬೆಡಗು (ತಂದೆಯ ಕಡೆಯಿಂದ ಬರುವ ಕುಲ) ಯಾವುದೆಂದು ಕೇಳಿ, ಒಂದೇ ಬೆಡಗಾದರೆ ಎಂಥ ಮನೆತನವಾದರೂ ಕೈಮುಗಿದು ಎದ್ದು ಬರುವ ನಮ್ಮ ಜನ, ನಾಯಿಯ ವಿಷಯಕ್ಕೆ ಬಂದಾಗ ಆ ಎಚ್ಚರವನ್ನು ಪೂರ್ತಿ ಬಿಟ್ಟುಬಿಡುತ್ತಾರೆ. ಹಾಗೆಂದು ಬೆಡಗಿನ ನಿಯಮವೂ ಪೂರ್ಣವಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು: ಅಕ್ಕನ ಮಗಳನ್ನು ತಂದುಕೊಳ್ಳುವ ಸಂಬಂಧಕ್ಕೆ ಬೆಡಗು ಅಡ್ಡಬರುವುದಿಲ್ಲ, ಆದರೆ ಅದರ ಗುಣಾಂಕವೂ ಶೇ 12.5. ತಂದೆಯ ಕಡೆಯನ್ನು ಮಾತ್ರ ಎಣಿಸುವ ಲೆಕ್ಕ ತಾಯಿಯ ಕಡೆಯ ರಕ್ತವನ್ನು ಕಾಣುವುದಿಲ್ಲ. ನಾಯಿ ಸಾಕುವವರಲ್ಲಿಯೂ "ಇದು ಇಂಥ ಗಂಡಿನ ಲೈನ್" ಎಂದು ತಂದೆಯ ಹೆಸರೊಂದನ್ನೇ ಹೇಳುವ ರೂಢಿ ಬಲವಾಗಿದೆ.

ಹತ್ತಿರದ ಸಂಬಂಧದಿಂದ ಏನು ಕೆಡುತ್ತದೆ ಎಂದು ಕೇಳುವವರಿಗೆ ಯಜಮಾನರು ಕೊಡುವ ವಿವರಣೆ ಸರಳವಾಗಿದೆ ಮತ್ತು ಸರಿಯಾಗಿದೆ. ಪ್ರತಿ ವಂಶವಾಹಿಯ ಎರಡು ಪ್ರತಿಗಳು ಮರಿಗೆ ಬರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಎಷ್ಟೋ ಕಾಯಿಲೆಗಳಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ನಿಭಾಯಿಸುತ್ತದೆ. ಅಂಥ ನಾಯಿ ವಾಹಕ, ಆದರೆ ನೋಡಲು ಆರೋಗ್ಯವಂತ. ಎರಡು ವಾಹಕಗಳು ಕೂಡಿದರೆ ಪ್ರತಿ ಮರಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು. ರಕ್ತಸಂಬಂಧಿಗಳಲ್ಲಿ ಕೆಟ್ಟ ಪ್ರತಿ ಒಂದೇ ಪೂರ್ವಜನಿಂದ ಬಂದಿರುವ ಸಾಧ್ಯತೆ ಹೆಚ್ಚು, ಆದ್ದರಿಂದ ಇಂಥ ಭೇಟಿಯೂ ಹೆಚ್ಚು. ಇದಲ್ಲದೆ ಯಾವ ಒಂದು ಕಾಯಿಲೆಯ ಹೆಸರಿಗೂ ಸಿಕ್ಕದ ನಷ್ಟವೂ ಉಂಟು: ಸೂಲಿಗೆ ಮರಿ ಕಡಿಮೆಯಾಗುವುದು, ಹುಟ್ಟಿದವು ಉಳಿಯದಿರುವುದು, ಸೋಂಕನ್ನು ತಡೆಯುವ ಶಕ್ತಿ ಕುಗ್ಗುವುದು. ಕೀರ್ದಿಯಲ್ಲಿ ಸತ್ತ ಮರಿಗಳ ಅಂಕಣ ಯಾಕೆ ಇದೆ ಎಂದರೆ ಈ ನಷ್ಟ ಮೊದಲು ಕಾಣುವುದು ಅಲ್ಲಿಯೇ.

ಹೊರದೇಶದ ತಳಿಗಳು ಈ ದಾರಿಯಲ್ಲಿ ಎಷ್ಟು ದೂರ ಹೋಗಿ ತಿರುಗಿ ಬಂದಿವೆ ಎಂಬುದನ್ನು ನೋಡಿದರೆ ನಾವು ಎಲ್ಲಿದ್ದೇವೆ ಎಂಬುದು ತಿಳಿಯುತ್ತದೆ. ಡಾಲ್ಮೇಶನ್ ತಳಿಯಲ್ಲಿ ಯೂರಿಕ್ ಆಮ್ಲವನ್ನು ಸರಿಯಾಗಿ ನಿಭಾಯಿಸುವ ವಂಶವಾಹಿಯ ಒಳ್ಳೆಯ ಪ್ರತಿ ಇಡೀ ತಳಿಯಲ್ಲೇ ಉಳಿಯಲಿಲ್ಲ. ಮೂತ್ರದ ಕಲ್ಲು ಅವುಗಳ ಹಣೆಬರಹವಾಯಿತು. 1973ರಲ್ಲಿ ರಾಬರ್ಟ್ ಶೈಬಲ್ ಎಂಬ ವಿಜ್ಞಾನಿ ಒಂದೇ ಒಂದು ಪಾಯಿಂಟರ್ ನಾಯಿಯೊಂದಿಗೆ ಕೂಡಿಸಿ, ಆಮೇಲೆ ಪ್ರತಿ ತಲೆಮಾರಿನಲ್ಲೂ ಡಾಲ್ಮೇಶನ್‌ಗೇ ಮರಳಿ ಕೂಡಿಸುತ್ತ ಆ ಒಳ್ಳೆಯ ಪ್ರತಿಯನ್ನು ತಳಿಯೊಳಗೆ ತಂದರು. ಆ ಸಂತತಿಯನ್ನು ಅಮೆರಿಕದ ಕೆನೆಲ್ ಕ್ಲಬ್ ಪೂರ್ತಿಯಾಗಿ ಒಪ್ಪಿಕೊಂಡದ್ದು 2011ರಲ್ಲಿ. ತಳಿಯ ಶುದ್ಧತೆ ಕೆಟ್ಟೀತೆಂಬ ವಾದದಲ್ಲಿ ಇಷ್ಟು ವರ್ಷ ಹೋಯಿತು. ಬಸೆಂಜಿ ತಳಿಯವರು ಇದಕ್ಕಿಂತ ಜಾಣರು: ಮೂತ್ರಪಿಂಡವನ್ನು ಕೆಡಿಸುವ ಫ್ಯಾಂಕೋನಿ ಕಾಯಿಲೆ ಹರಡಿದ್ದನ್ನು ಕಂಡು, ವಂಶಾವಳಿಯ ಪುಸ್ತಕವನ್ನು 1990ರಲ್ಲಿ ಮತ್ತೆ ತೆರೆಸಿ, ಆಫ್ರಿಕದ ಹಳ್ಳಿಗಳಿಂದ ತಂದ ನಾಯಿಗಳನ್ನು ಸೇರಿಸಿಕೊಂಡರು. ಬ್ರಿಟನ್ನಿನ ಕೆನೆಲ್ ಕ್ಲಬ್ಬಂತೂ 2009ರಿಂದ ಒಡಹುಟ್ಟಿದವುಗಳ ಮತ್ತು ತಂದೆಮಗಳು, ತಾಯಿಮಗಗಳ ಕೂಡಿಕೆಯ ಮರಿಗಳನ್ನು ನೋಂದಾಯಿಸುವುದನ್ನೇ ನಿಲ್ಲಿಸಿದೆ.

ನಮ್ಮಲ್ಲಿ ದೊಡ್ಡ ಅಪಾಯವಿರುವುದು ಓಟದಲ್ಲಿ ಎಂದು ನನ್ನ ಅಭಿಪ್ರಾಯ. ಜಾತ್ರೆಗಳಲ್ಲಿ ನಾಯಿಗಳ ಓಟದ ಸ್ಪರ್ಧೆ ನಡೆದು ಒಂದು ಗಂಡು ಗೆದ್ದಿತೆಂದರೆ ಮರುದಿನದಿಂದಲೇ ಅದರ ಕ್ರಾಸಿಂಗ್ ಫೀ ಏರುತ್ತದೆ, ಸುತ್ತಲಿನ ತಾಲೂಕುಗಳಿಂದ ಹೆಣ್ಣು ನಾಯಿಗಳು ಟಂಟಂ ಹತ್ತಿ ಬರುತ್ತವೆ. ಇದರ ಪರಿಣಾಮವನ್ನು ಅಂಕಿಯಲ್ಲಿ ಹೇಳಬಹುದು. 50 ಹೆಣ್ಣು, 50 ಗಂಡು ಸಮವಾಗಿ ಮರಿ ಮಾಡಿದರೆ ತಳಿವಿಜ್ಞಾನದ ಲೆಕ್ಕದಲ್ಲಿ ಪರಿಣಾಮಕಾರಿ ಸಂಖ್ಯೆ (ವಂಶವಾಹಿಗಳ ವೈವಿಧ್ಯ ಉಳಿಸುವ ದೃಷ್ಟಿಯಿಂದ ಲೆಕ್ಕಕ್ಕೆ ಬರುವ ನಾಯಿಗಳು) 100. ಅದೇ 50 ಹೆಣ್ಣುಗಳಿಗೆ ಗಂಡು ಐದೇ ಆದರೆ ಅದು ಸುಮಾರು 18ಕ್ಕೆ ಇಳಿಯುತ್ತದೆ. ಒಂದೇ ಗಂಡಾದರೆ ನಾಲ್ಕಕ್ಕೆ. ಅಂಗಳದಲ್ಲಿ ಐವತ್ತೊಂದು ನಾಯಿಗಳು ಓಡಾಡುತ್ತಿದ್ದರೂ ವಂಶವಾಹಿಗಳ ದೃಷ್ಟಿಯಿಂದ ಅಲ್ಲಿರುವುದು ನಾಲ್ಕೇ. ಪ್ರತಿ ತಲೆಮಾರಿಗೆ ಸಂಬಂಧ ಹತ್ತಿರವಾಗುವ ವೇಗ ಶೇ 1ನ್ನು ದಾಟಬಾರದೆಂದರೆ ಈ ಸಂಖ್ಯೆ ಕನಿಷ್ಠ 50 ಇರಬೇಕೆಂಬುದು ಜಾನುವಾರು ತಳಿ ಸಂರಕ್ಷಣೆಯಲ್ಲಿ ಸಾಮಾನ್ಯವಾಗಿ ಒಪ್ಪಿದ ಅಳತೆ. ಓಟದ ಗೆಲುವನ್ನೇ ನಂಬಿ ಆಯ್ದುಕೊಳ್ಳುವುದರಲ್ಲಿ ಇನ್ನೊಂದು ತೊಡಕಿದೆ. ಮುಧೋಳದಂತೆಯೇ ಕಣ್ಣಿನಿಂದ ಬೇಟೆ ಗುರುತಿಸಿ ಓಡುವ ವಿಪೆಟ್ ತಳಿಯಲ್ಲಿ, ಸ್ನಾಯು ಬೆಳವಣಿಗೆಗೆ ಕಡಿವಾಣ ಹಾಕುವ ವಂಶವಾಹಿಯ ಒಂದು ಪ್ರತಿ ಕೆಟ್ಟ ನಾಯಿಗಳೇ ಹೆಚ್ಚು ವೇಗವಾಗಿ ಓಡುತ್ತವೆ ಎಂಬುದು 2007ರಲ್ಲಿ ತಿಳಿದುಬಂತು. ಗೆದ್ದ ನಾಯಿಗಳನ್ನೇ ಗೆದ್ದವುಗಳೊಂದಿಗೆ ಕೂಡಿಸಿದಾಗ ಎರಡೂ ಪ್ರತಿ ಕೆಟ್ಟ, ಮೈತುಂಬ ಮಾಂಸಖಂಡ ಉಬ್ಬಿದ ಮರಿಗಳು ಹುಟ್ಟಿದವು. ನೋಡುಗರು ಬಹುಮಾನ ಕೊಟ್ಟಿದ್ದು ವಾಹಕಗಳಿಗೆ.

ಈ ಕೆನೆಲ್‌ನಲ್ಲಿ ಒಂದು ಗಂಡನ್ನು ಇಷ್ಟು ಸೂಲಿಗಿಂತ ಹೆಚ್ಚು ಬಳಸುವುದಿಲ್ಲ ಎಂಬ ಮಿತಿಯನ್ನು ಬಾಯಲ್ಲಿ ಹೇಳುತ್ತಾರೆ. ಕೀರ್ದಿಯನ್ನು ಎಣಿಸಿ ನೋಡಿದರೆ ಸರ್ಜಾನ ವಿಷಯದಲ್ಲಿ ಆ ಮಿತಿ ಮುರಿದಿದೆ. ಕೇಳಿದ್ದಕ್ಕೆ ಯಜಮಾನರು ಮುಚ್ಚಿಡಲಿಲ್ಲ: "ಅವನ ಹೆಸರ ಹೇಳಿ ಕೇಳ್ಕೊಂತ ಬರ್ತಿದ್ರರೀ, ಇಲ್ಲ ಅನ್ನಾಕ ಆಗಲಿಲ್ಲ." ಪುಸ್ತಕ ಪ್ರಾಮಾಣಿಕವಾಗಿದ್ದುದರಿಂದಲೇ ಈ ದೋಷವನ್ನು ನಾನು ಹಿಡಿಯಲು ಸಾಧ್ಯವಾಯಿತು ಎಂಬುದು ನಿಜ, ಆದರೂ ದೋಷ ದೋಷವೇ. ಈಗ ಸರ್ಜಾನನ್ನು ನಿಲ್ಲಿಸಿದ್ದಾರೆ.

ಗೌರಿಗೆ ಇವರು ಸೂಚಿಸಿದ್ದು ಮಲ್ಲ ಎಂಬ ತಮ್ಮದೇ ಗಂಡು ನಾಯಿಯನ್ನು. ಬೇರೆಯವರ ನಾಯಿ ಬೇಡವೆಂದು ತಮ್ಮ ನಾಯಿಯನ್ನೇ ಮುಂದೆ ಮಾಡಿದರಲ್ಲ ಎಂಬ ಸಂಶಯ ನನಗೂ ಬಂದಿತ್ತು, ಹಾಗಾಗಿ ಪುಟಗಳನ್ನು ನಾನೇ ತಿರುವಿ ನೋಡಿದೆ. ಮಲ್ಲನ ತಂದೆ ಜಮಖಂಡಿ ಕಡೆಯ ಬೇರೆ ವಂಶದ್ದು, ತಾಯಿಯನ್ನು ಇಂಡಿ ತಾಲೂಕಿನ ಕುರಿಗಾರರಿಂದ ತಂದದ್ದು. ಗೌರಿಯ ಐದು ತಲೆಮಾರಿನಲ್ಲಿ ಸಮಾನ ಹೆಸರು ಇಲ್ಲ. ಆದರೆ ಕುರಿಗಾರರ ನಾಯಿಯ ಪೂರ್ವಜರನ್ನು ಯಾರೂ ಬರೆದಿಟ್ಟಿಲ್ಲವಾದ್ದರಿಂದ ಇಲ್ಲಿ ಗುಣಾಂಕ ಸೊನ್ನೆ ಎಂಬುದರ ಅರ್ಥ ಸಂಬಂಧವಿಲ್ಲ ಎಂದಲ್ಲ, ಬರೆದ ಮಟ್ಟಿಗೆ ಸಂಬಂಧ ಕಾಣುವುದಿಲ್ಲ ಎಂದು. ಕಾಗದದ ಲೆಕ್ಕ ಹಿಂದಿನದ್ದು ಗೊತ್ತಿಲ್ಲದಲ್ಲಿ ಯಾವಾಗಲೂ ಕಡಿಮೆಯನ್ನೇ ತೋರಿಸುತ್ತದೆ. ಯಜಮಾನರು ಈ ಮಾತನ್ನು ತಾವಾಗಿ ಹೇಳಿದ್ದು ನನಗೆ ಹಿಡಿಸಿತು. ಕ್ರಾಸ್‌ಗೆ ಮುಂಚೆ ಬ್ರುಸೆಲ್ಲಾ (ಕೂಡುವಾಗ ಹರಡಿ ಗರ್ಭ ಕೆಡಿಸುವ ಸೋಂಕು) ರಕ್ತಪರೀಕ್ಷೆಯ ವರದಿಯನ್ನು ಎರಡೂ ಕಡೆಯಿಂದ ಕೇಳಿದರು, ಗೌರಿಯ ವಯಸ್ಸು 18 ತಿಂಗಳು ದಾಟಿದೆಯೇ ಎಂದು ಚಿಪ್‌ನ ಸಂಖ್ಯೆ ಓದಿ, ಕೀರ್ದಿಯಲ್ಲಿ ಹುಟ್ಟಿದ ದಿನ ನೋಡಿ ಖಾತ್ರಿ ಮಾಡಿಕೊಂಡರು; 2017ರ ಕೇಂದ್ರ ನಿಯಮಗಳು ಅದಕ್ಕಿಂತ ಮೊದಲು ಮರಿ ಮಾಡಿಸುವುದನ್ನು ಒಪ್ಪುವುದಿಲ್ಲ.

ಡಿಎನ್‌ಎ ಪರೀಕ್ಷೆ ನಮ್ಮ ನಾಯಿಗಳಿಗೆ ಉಪಯೋಗವಿಲ್ಲ ಎಂಬ ಇವರ ನಿಲುವು ಅರ್ಧ ಸರಿ, ಅರ್ಧ ಸೋಮಾರಿತನ. ಪೇಟೆಯಲ್ಲಿ ಸಿಗುವ ಪರೀಕ್ಷೆಗಳು ಹೆಚ್ಚಾಗಿ ಪಾಶ್ಚಾತ್ಯ ತಳಿಗಳಲ್ಲಿ ಕಂಡುಹಿಡಿದ ದೋಷಗಳನ್ನು ಹುಡುಕುತ್ತವೆ. ಮುಧೋಳ ನಾಯಿಯ ಮೇಲೆ ಅವನ್ನು ಮಾಡಿಸಿ "ಎಲ್ಲವೂ ಕ್ಲಿಯರ್" ಎಂಬ ವರದಿ ಬಂದರೆ ಆ ಪಟ್ಟಿಯಲ್ಲಿದ್ದವು ಇಲ್ಲವೆಂದಷ್ಟೇ ತಿಳಿಯಬೇಕು, ನಮ್ಮ ತಳಿಯೊಳಗೇ ಹುಟ್ಟಿದ ದೋಷಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇಷ್ಟರ ಮಟ್ಟಿಗೆ ಯಜಮಾನರ ವಾದ ಸರಿ. ಆದರೆ ಮರಿಯ ತಂದೆ ಯಾರೆಂದು ಖಚಿತಪಡಿಸುವ ಪರೀಕ್ಷೆಗೆ ತಳಿಯ ಹಂಗಿಲ್ಲ, ಮತ್ತು ಬೇಲಿ ಹಾರುವ ನಾಯಿಗಳಿರುವ ತೋಟದಲ್ಲಿ ಅದರ ಅಗತ್ಯವೂ ಇದೆ. ಬೆದೆಯಲ್ಲಿರುವ ಹೆಣ್ಣು ಎರಡು ಗಂಡುಗಳೊಂದಿಗೆ ಕೂಡಿದರೆ ಒಂದೇ ಸೂಲಿನ ಮರಿಗಳಿಗೆ ಇಬ್ಬರು ತಂದೆಯರಿರುವುದು ಸಾಧ್ಯ. ಕೀರ್ದಿಯಲ್ಲಿ ಬರೆದ ತಂದೆಯ ಹೆಸರು ತಪ್ಪಾಗಿದ್ದರೆ ಮೇಲಿನ ಗುಣಾಕಾರವೆಲ್ಲ ನೀರಿನಲ್ಲಿ ಮಾಡಿದ ಹೋಮ. ವಂಶವಾಹಿಗಳ ಲಕ್ಷಾಂತರ ಗುರುತುಗಳನ್ನು ಓದಿ, ಎಷ್ಟು ಭಾಗ ಎರಡೂ ಕಡೆ ಒಂದೇ ಆಗಿದೆ ಎಂದು ನೇರವಾಗಿ ಅಳೆಯುವ ಪರೀಕ್ಷೆಗಳೂ ಬಂದಿವೆ. ಕುರಿಗಾರರಿಂದ ತಂದ ನಾಯಿಗಳಿಗೆ ಅದನ್ನಾದರೂ ಮಾಡಿಸಬೇಕಿತ್ತು. ಖರ್ಚು ಗಿರಾಕಿ ಕೊಟ್ಟರೆ ಮಾಡಿಸುತ್ತೇನೆ ಎನ್ನುತ್ತಾರೆ. ಗಂಡು ನಾಯಿಯ ಮಟ್ಟಿಗೆ ಅದು ಕೆನೆಲ್‌ನ ಖರ್ಚಾಗಬೇಕು ಎಂಬುದು ನನ್ನ ಮಾತು.

ಹೊರಗಿನ ರಕ್ತದ ವಿಷಯದಲ್ಲಿ ಮುಧೋಳ ಸೀಮೆಯ ಸಾಕಣೆದಾರರು ಎರಡು ಗುಂಪಾಗಿದ್ದಾರೆ. ಕಾಗದವಿಲ್ಲದ ನಾಯಿಯನ್ನು ಮುಟ್ಟಲೇಬಾರದು ಎನ್ನುವವರು ಒಂದು ಕಡೆ. ಓಟದ ಆಸೆಗೆ ಗ್ರೇಹೌಂಡ್ ಬೆರೆಸಿ, ಬೆರೆಸಿಲ್ಲವೆಂದು ಹೇಳಿ ಮಾರುವವರು ಇನ್ನೊಂದು ಕಡೆ. ಇಬ್ಬರ ದಾರಿಯೂ ಸರಿಯಲ್ಲ. ಬೆರಕೆಯೇ ಪಾಪವಲ್ಲ, ಅದನ್ನು ಬರೆಯದೆ ಮುಚ್ಚಿಡುವುದು ಮೋಸ. ಮತ್ತು ಗ್ರೇಹೌಂಡ್‌ನ ಅಗತ್ಯವೇ ಇಲ್ಲದಷ್ಟು ವೈವಿಧ್ಯ ನಮ್ಮ ಹಳ್ಳಿಗಳಲ್ಲೇ ಉಳಿದಿದೆ. ಬೀಳಗಿ, ಜಮಖಂಡಿ, ಅಥಣಿ, ಇಂಡಿ ಕಡೆಯ ತೋಟಪಟ್ಟಿಗಳಲ್ಲಿ, ಕುರಿಹಿಂಡುಗಳ ಜೊತೆಯಲ್ಲಿ, ಗಡಿಯಾಚೆಯ ಸಾಂಗಲಿ, ಸೊಲ್ಲಾಪುರದಲ್ಲಿ ಇದೇ ಮೈಕಟ್ಟಿನ ನಾಯಿಗಳಿವೆ. ಅಲ್ಲಿ ಇವನ್ನು ಕಾರವಾನಿ ಎನ್ನುತ್ತಾರೆ, ಕಿವಿಗೂ ಬಾಲಕ್ಕೂ ಉದ್ದ ಕೂದಲಿರುವುದನ್ನು ಪಶ್ಮಿ ಎನ್ನುತ್ತಾರೆ. ಒಂದು ಕ್ಲಬ್ ಈ ನಾಯಿಯನ್ನು ಕಾರವಾನ್ ಹೌಂಡ್ ಎಂದು ನೋಂದಾಯಿಸುತ್ತದೆ, ಇನ್ನೊಂದು ಮುಧೋಳ ಹೌಂಡ್ ಎಂದು. ನಾಯಿ ಒಂದೇ, ಪುಸ್ತಕ ಎರಡು; ಒಂದರಲ್ಲಿ ಬರೆದ ಪೂರ್ವಜರನ್ನು ಇನ್ನೊಂದರಲ್ಲಿ ಹುಡುಕಿ ತಾಳೆ ನೋಡುವವರಿಲ್ಲ.

ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ, ಕರ್ನಾಲ್‌ನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ ಮುಧೋಳವನ್ನು ಅಧಿಕೃತ ತಳಿಯಾಗಿ ನೋಂದಾಯಿಸಿಯೂ ಆಗಿದೆ. ಖಾಸಗಿಯವರ ಕೀರ್ದಿಗಳೆಲ್ಲ ಅಂಥ ಒಂದು ಕಡೆ ಸೇರಿ ಒಂದೇ ಪಟ್ಟಿಯಾದರೆ, ತುಫಾನ್‌ನಂಥ ಪ್ರಕರಣ ಗೊತ್ತಾಗುವುದಕ್ಕೆ ಯಾರದೋ ಮನೆಯ ಕೆಂಪು ಪುಸ್ತಕದ ಅದೃಷ್ಟವನ್ನು ನೆಚ್ಚಬೇಕಾಗುವುದಿಲ್ಲ. ಈ ಮಾತಿಗೆ ಕೆನೆಲ್‌ನ ಯಜಮಾನರು ತಲೆಯಾಡಿಸುತ್ತಾರೆ, ಆದರೆ ಪುಸ್ತಕದ ಝೆರಾಕ್ಸ್ ಕೇಳಿದರೆ ಹಿಂದೇಟು ಹಾಕುತ್ತಾರೆ. ತಮ್ಮ ಗಿರಾಕಿಗಳ ಹೆಸರು ಬೇರೆ ಮಾರಾಟಗಾರರ ಕೈ ಸೇರೀತೆಂಬ ಅಂಜಿಕೆ. ಅದನ್ನು ಅರ್ಥ ಮಾಡಿಕೊಳ್ಳಬಹುದು. ಆದರೆ ಇಷ್ಟೊಂದು ವರ್ಷಗಳ ವಂಶಾವಳಿಗೆ ಇರುವುದು ಒಂದೇ ಪ್ರತಿ, ಅದೂ ಹುಲ್ಲಿನ ಬಣವೆಗೆ ತಾಗಿದ ಕೋಣೆಯಲ್ಲಿ. ಗಿರಾಕಿಗಳ ಅಂಕಣವನ್ನು ಮುಚ್ಚಿ ಉಳಿದ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿರೆಂದು ಹೇಳಿ ಬಂದಿದ್ದೇನೆ.

ದೂರುಗಳು ಇನ್ನೆರಡಿವೆ. ಮರಿ ಕೊಡುವಾಗ ಹೃದಯದ ತಪಾಸಣೆಯ ವರದಿ ಇರುವುದಿಲ್ಲ, ಪಶುವೈದ್ಯರ ಸಾಮಾನ್ಯ ಚೀಟಿಯಷ್ಟೇ. ಮತ್ತು ಮಾರಿದ ಮರಿಗಳು ದೊಡ್ಡವಾದ ಮೇಲೆ ಏನಾದವು, ಯಾವ ವಯಸ್ಸಿಗೆ ಯಾವ ಕಾರಣಕ್ಕೆ ಸತ್ತವು ಎಂಬ ಅಂಕಣ ಪುಸ್ತಕದಲ್ಲಿಲ್ಲ. ನಾಲ್ಕೈದು ವರ್ಷ ದಾಟಿದ ಮೇಲೆ ಕಾಣಿಸಿಕೊಳ್ಳುವ ಕಾಯಿಲೆ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ, ಅಷ್ಟರಲ್ಲಿ ಆ ನಾಯಿಯ ಮರಿಗಳು ಎಲ್ಲೆಡೆ ಹರಡಿರುತ್ತವೆ. ಡಾಬರ್‌ಮನ್ ತಳಿಯ ಹೃದ್ರೋಗ ಹರಡಿದ ರೀತಿ ಹೀಗೆಯೇ. ವರ್ಷಕ್ಕೊಮ್ಮೆ ಗಿರಾಕಿಗಳಿಗೆ ಫೋನ್ ಮಾಡಿ ಕೇಳುವುದು ದೊಡ್ಡ ಕೆಲಸವಲ್ಲ. ದೋಷದ ಮರಿ ಹುಟ್ಟಿಸಿದ ನಾಯಿಗಳನ್ನು ಇವರು ಎಂದಿಗೂ ಪೂರ್ತಿ ತೆಗೆದುಹಾಕುವುದಿಲ್ಲ, ಜೋಡಿ ಬದಲಿಸುತ್ತಾರೆ. ಇದನ್ನು ಕೆಲವರು ಆಕ್ಷೇಪಿಸುತ್ತಾರೆ, ನಾನು ಮಾತ್ರ ಇವರ ಕ್ರಮವನ್ನೇ ಒಪ್ಪುತ್ತೇನೆ: ವಾಹಕಗಳನ್ನೆಲ್ಲ ಒಮ್ಮೆಲೇ ಹೊರಗಿಟ್ಟರೆ ಅವುಗಳ ಜೊತೆಗೆ ಒಳ್ಳೆಯ ವಂಶವಾಹಿಗಳೂ ಹೋಗಿ, ಉಳಿದ ಕೆಲವೇ ನಾಯಿಗಳಲ್ಲಿ ಹೊಸ ದೋಷವೊಂದು ತಲೆಯೆತ್ತಬಹುದು.

ಬೆಲೆಯ ವಿಷಯ. ಗೌರಿಗೆ ನಾನು ಕೊಟ್ಟದ್ದು 14,000 ರೂಪಾಯಿ. ಕಾಗದವಿಲ್ಲದ ಮರಿ ಇದರ ಅರ್ಧಕ್ಕೆ ಸಂತೆಯ ಆಸುಪಾಸಿನಲ್ಲೇ ಸಿಗುತ್ತದೆ. ಹೆಚ್ಚಿನ ಅರ್ಧವನ್ನು ನಾನು ಐದು ತಲೆಮಾರಿನ ಪಟ್ಟಿಗೆ ಕೊಟ್ಟದ್ದೆಂದು ತಿಳಿದಿದ್ದೇನೆ, ಕೊಡಬಹುದಾದ ಹಣವೇ. ಕ್ರಾಸ್ ಮಾಡಿಸಲು ಹಣ ಕೊಡಬಹುದು, ಇಲ್ಲವೇ ಹುಟ್ಟಿದ ಮರಿಗಳಲ್ಲಿ ಒಂದನ್ನು ಕೊಡಬಹುದು. ಮರಿ ಕೊಡುವುದಾದರೆ ಆಯ್ಕೆ ಅವರದು. ಸೂಲಿನ ವಿವರಗಳನ್ನು, ಸತ್ತ ಮರಿಗಳ ಸಹಿತ, ತಿಳಿಸುವುದಾಗಿ ಒಪ್ಪಿಕೊಂಡರೆ ಮಾತ್ರ ಗಂಡನ್ನು ಬಿಡುತ್ತಾರೆ. ಎಂಟು ವಾರಕ್ಕೆ ಮುಂಚೆ ಮರಿ ಕೈಗೆ ಕೊಡುವುದಿಲ್ಲ, ಎಷ್ಟು ಒತ್ತಾಯಿಸಿದರೂ. ಹೆಣ್ಣಿನಿಂದ ವರ್ಷಕ್ಕೆ ಒಂದೇ ಸೂಲು ತೆಗೆಯುವುದರಿಂದ ಕಾಯಬೇಕಾಗುತ್ತದೆ. ಮುಂಗಡ ತೆಗೆದುಕೊಳ್ಳುವುದಿಲ್ಲ, ಹೆಸರು ಬರೆದುಕೊಳ್ಳುತ್ತಾರೆ. ಹೋಗುವವರು ಸಂಜೆ ನಾಲ್ಕರ ಮೇಲೆ ಹೋಗುವುದು ಒಳ್ಳೆಯದು, ಅದಕ್ಕಿಂತ ಮುಂಚೆ ಯಜಮಾನರು ಹೊಲದಲ್ಲಿರುತ್ತಾರೆ, ಮತ್ತು ಪುಸ್ತಕವಿರುವ ಕೋಣೆಯ ಕೀಲಿ ಅವರ ಕಿಸೆಯಲ್ಲಿರುತ್ತದೆ.